ಸದಾಶಿವಗಡಕ್ಕೆ ಒಂದು ಕಾಲುಹಾದಿ ಬೇಕು

ಕಾಳಿ ಸೇತುವೆ ದಾಟಿ ಗೋವೆಗೆ ಹೋಗುವವರ ಪಾಲಿಗೆ ಸದಾಶಿವಗಡವೆಂದರೆ ಅರ್ಧ ನಿಮಿಷದ ನೋಟ. ಎಡಬಲಕ್ಕೆ ಕಡಿದು ನಿಲ್ಲಿಸಿದ ಗುಡ್ಡದ ಗೋಡೆ, ನಡುವೆ ರಾಷ್ಟ್ರೀಯ ಹೆದ್ದಾರಿ 66, ಎದುರಿಗೆ ಟ್ಯಾಂಕರಿನ ಬೆನ್ನು. ತಾವು ಒಂದು ಕೋಟೆಯ ಹೊಟ್ಟೆಯೊಳಗಿಂದ ಹಾದುಹೋದೆವು ಎಂಬುದು ಹೆಚ್ಚಿನವರಿಗೆ ತಿಳಿಯುವುದೇ ಇಲ್ಲ. ಕಾರವಾರದ ಪ್ರವಾಸೋದ್ಯಮದ ಬಗ್ಗೆ ಮಾತು ಬಂದಾಗಲೆಲ್ಲ ಕಡಲತೀರ, ಬೋಟಿಂಗ್, ಡಾಲ್ಫಿನ್ ಎನ್ನುತ್ತೇವೆ. ಈ ಗುಡ್ಡದ ಸರದಿ ಬರುವುದು ಯಾರಾದರೂ ಅಲ್ಲಿ ದೊಡ್ಡದೇನಾದರೂ ಕಟ್ಟಬೇಕು ಎಂದಾಗ ಮಾತ್ರ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಸದಾಶಿವಗಡಕ್ಕೆ ರೋಪ್‌ವೇ ಬೇಡ, ಗಾಜಿನ ಸೇತುವೆ ಬೇಡ, ನೆತ್ತಿಯ ಮೇಲೆ ಕಾಂಕ್ರೀಟಿನ ವ್ಯೂ ಪಾಯಿಂಟ್ ಬೇಡ. ಬೇಕಾಗಿರುವುದು ಹೊಳೆಯಂಚಿನಿಂದ ಹೊರಟು ಮರಗಳ ನಡುವೆ ಏರಿ ಕೋಟೆಯನ್ನು ಸುತ್ತಿಸಿ ಇನ್ನೊಂದು ಮಗ್ಗುಲಿಗೆ ಇಳಿಸುವ ಒಂದು ಒಳ್ಳೆಯ ಕಾಲುಹಾದಿ. ಅದರ ಜೊತೆಗೆ ಈ ಮಣ್ಣಿನ ಗಿಡಮರಗಳ ಒಂದು ತೋಟ.

ನಾನು ಶಿರವಾಡದವನು. ಕಾರವಾರದ ಶಾಲೆಯಲ್ಲಿ ಡ್ರಾಯಿಂಗ್ ಮಾಸ್ತರನಾಗಿ ನಿವೃತ್ತನಾದವನು. ಮಕ್ಕಳನ್ನು ಚಿತ್ರ ಬರೆಸಲು ಈ ಗುಡ್ಡಕ್ಕೆ ಕರೆದುಕೊಂಡು ಹೋಗುತ್ತಿದ್ದೆ. ಚಿರೆಕಲ್ಲಿನ ಗೋಡೆಯೊಂದನ್ನು ಬಣ್ಣದಲ್ಲಿ ಹಿಡಿಯುವುದು ಸುಲಭವಲ್ಲ. ಏಪ್ರಿಲ್‌ನಲ್ಲಿ ಅದು ಒಣಗಿದ ಕೆಂಪು, ಜೂನ್‌ನ ಮೊದಲ ಮಳೆಗೆ ಕಪ್ಪು, ಆಗಸ್ಟ್ ಬಂದರೆ ಪಾಚಿ ಹಿಡಿದು ಇಡೀ ಗೋಡೆ ಹಸಿರು. ಅದೇ ಕಲ್ಲನ್ನು ಮಕ್ಕಳು ಮೂರು ಕಾಲದಲ್ಲಿ ಮೂರು ಬಣ್ಣದಲ್ಲಿ ಬರೆದರು. ಇದನ್ನು ಯಾರು ಕಟ್ಟಿದ್ದು, ಯಾಕೆ ಇಲ್ಲೇ ಕಟ್ಟಿದ್ದು, ಕಲ್ಲು ಎಲ್ಲಿಂದ ತಂದದ್ದು ಎಂದು ಕೇಳುತ್ತಿದ್ದರು. ಉತ್ತರ ಹೇಳುವ ಒಂದು ಫಲಕವೂ ಸುತ್ತಮುತ್ತ ಇರಲಿಲ್ಲ. ಹಾಗಾಗಿ ನಾನೇ ಓದಿಕೊಂಡು ಹೇಳಬೇಕಾಯಿತು.

ಈ ಗುಡ್ಡದ ಬುಡದ ಊರು ಚಿತ್ತಾಕುಲ. ಸದಾಶಿವಗಡ ಎಂಬ ಹೆಸರು ಬರುವ ಮೊದಲೇ ಚಿತ್ತಾಕುಲ ಹೆಸರಾಂತ ಬಂದರಾಗಿತ್ತು. ಹದಿನಾರನೆಯ ಶತಮಾನದ ಪೋರ್ಚುಗೀಸರು ಸಿಂತಾಕೋರಾ ಎಂದು ಬರೆದದ್ದು ಇದನ್ನೇ. ಶಿರಸಿಯ ಹತ್ತಿರದ ಸೋದೆಯಿಂದ ಆಳುತ್ತಿದ್ದ ಅರಸರಿಗೆ ಘಟ್ಟದ ಕೆಳಗಿನ ಈ ಹೊಳೆಬಾಯಿ ಬಹಳ ಮುಖ್ಯವಾಗಿತ್ತು. ಘಟ್ಟದ ಮೇಲಿನ ಮೆಣಸು ಕಡಲಿಗೆ ಇಳಿಯುತ್ತಿದ್ದುದು ಇಂಥ ಹೊಳೆಗಳಲ್ಲಿ. 1697ರಲ್ಲಿ ಪಟ್ಟಕ್ಕೆ ಬಂದ ಬಸವಲಿಂಗ ನಾಯಕ ಇಲ್ಲಿ ಕೋಟೆ ಕಟ್ಟಿಸಿ ತಂದೆ ಸದಾಶಿವ ನಾಯಕನ ಹೆಸರಿಟ್ಟ. ಹೊಳೆಯ ಕಡೆಗೆ ಗುಡ್ಡ ಕಡಿದಾಗಿ ಇಳಿಯುತ್ತದೆ. ಎತ್ತರ ಸುಮಾರು 200 ಅಡಿಯಷ್ಟೇ. ಆದರೆ ಮೇಲೆ ನಿಂತವನ ಕಣ್ಣು ತಪ್ಪಿಸಿ ಒಂದು ದೋಣಿಯೂ ಕಾಳಿಯೊಳಗೆ ಬರುವಂತಿರಲಿಲ್ಲ.

ಆಮೇಲಿನ ಕಥೆ ಕೈಬದಲಿನ ಕಥೆ. 1752ರಲ್ಲಿ ಪೋರ್ಚುಗೀಸರು ಹಿಡಿದರು, 1754ರಲ್ಲಿ ಸೋದೆಯವರಿಗೇ ಮರಳಿಸಿದರು. 1763ರ ಹೊತ್ತಿಗೆ ಹೈದರಾಲಿಯ ಸೈನ್ಯ ಬಂತು. ಸೋದೆಯ ಕೊನೆಯ ಅರಸ ಗೋವೆಗೆ ಓಡಿ ಪೋರ್ಚುಗೀಸರ ಆಶ್ರಯ ಪಡೆದ, ಆ ಮನೆತನ ಬಾಂದೋಡೆಯಲ್ಲಿ ನೆಲೆಸಿತು. 1783ರಲ್ಲಿ ಮುಂಬಯಿಯಿಂದ ಬಂದ ಇಂಗ್ಲಿಷ್ ಸೈನ್ಯ ಈ ಕರಾವಳಿಯ ಕೋಟೆಗಳನ್ನು ಒಂದೊಂದಾಗಿ ಹಿಡಿಯುತ್ತ ಇದನ್ನೂ ಹಿಡಿಯಿತು. 1799ರಲ್ಲಿ ಟಿಪ್ಪು ಬಿದ್ದ ಮೇಲೆ ಜಿಲ್ಲೆಯೇ ಕಂಪನಿಯ ಕೈಸೇರಿತು. ಹೊಳೆಯ ಈಚೆ ದಡದಲ್ಲಿ, ನಮ್ಮ ಶಿರವಾಡದ ನೆರೆಯ ಕಡವಾಡದ ಕಡೆಗೆ, ಇನ್ನೂ ಹಳೆಯ ಕಾರವಾರವಿತ್ತು. ಇಂಗ್ಲಿಷ್ ವ್ಯಾಪಾರಿಗಳು 1638ರಲ್ಲಿಯೇ ಅಲ್ಲಿ ಕೋಠಿ ತೆರೆದು ಮೆಣಸನ್ನೂ ಹುಬ್ಬಳ್ಳಿ ಕಡೆಯ ನಯವಾದ ಬಟ್ಟೆಯನ್ನೂ ಹಡಗಿಗೆ ತುಂಬುತ್ತಿದ್ದರು. ಈಗಿನ ಕಾರವಾರ ಪಟ್ಟಣ ಬೆಳೆದದ್ದು 1862ರಲ್ಲಿ ಉತ್ತರ ಕನ್ನಡ ಮುಂಬಯಿ ಪ್ರಾಂತಕ್ಕೆ ಸೇರಿ ಇದು ಜಿಲ್ಲಾ ಕೇಂದ್ರವಾದ ಮೇಲೆ.

ಇಷ್ಟೆಲ್ಲ ಒಂದೇ ಗುಡ್ಡದ ಮೇಲೆ ನಿಂತು ಬೆರಳು ತೋರಿಸಿ ಹೇಳಬಹುದು. ಪಶ್ಚಿಮಕ್ಕೆ ಹೊಳೆಬಾಯಿ, ಅದರಾಚೆ ಕೂರ್ಮಗಡ, ದೇವಗಡದ ದೀಪಸ್ತಂಭ, ದೇವಬಾಗದ ಗಾಳಿಮರಗಳ ಪಟ್ಟೆ. ಪೂರ್ವಕ್ಕೆ ಕಾಳಿ ಬಂದ ದಾರಿ, ದೂರದಲ್ಲಿ ಘಟ್ಟ. ಜೋಯಿಡಾದ ಡಿಗ್ಗಿಯ ಬಳಿ ಹುಟ್ಟಿ ಸೂಪಾ, ಕೊಡಸಳ್ಳಿ, ಕದ್ರಾ ಅಣೆಕಟ್ಟುಗಳನ್ನು ದಾಟಿ 184 ಕಿಲೋಮೀಟರ್ ಹರಿದ ಹೊಳೆ ಕಡಲು ಸೇರುವುದನ್ನು ಇಷ್ಟು ಹತ್ತಿರದಿಂದ ತೋರಿಸುವ ಬೇರೆ ಜಾಗ ನನಗೆ ಗೊತ್ತಿಲ್ಲ.

ರವೀಂದ್ರನಾಥ ಠಾಕೂರರು ಕಾರವಾರಕ್ಕೆ ಬಂದದ್ದು 1883ರಲ್ಲಿ, ಇಪ್ಪತ್ತೆರಡರ ಹರೆಯದಲ್ಲಿ. ಅಣ್ಣ ಸತ್ಯೇಂದ್ರನಾಥರು ಆಗ ಇಲ್ಲಿ ನ್ಯಾಯಾಧೀಶರು. ರವೀಂದ್ರನಾಥರ ಹೆಸರನ್ನು ನಾವು ಕಡಲತೀರಕ್ಕೆ ಇಟ್ಟುಕೊಂಡಿದ್ದೇವೆ, ಅದು ಸರಿಯೇ. ಆದರೆ ತಮ್ಮ ನೆನಪುಗಳಲ್ಲಿ ಅವರು ಕಡಲಿನಷ್ಟೇ ಪ್ರೀತಿಯಿಂದ ಕಾಳಿ ಹೊಳೆಯನ್ನೂ ನೆನೆದಿದ್ದಾರೆ. ಒಂದು ಬೆಳದಿಂಗಳ ಸಂಜೆ ಚಿಕ್ಕ ದೋಣಿಯಲ್ಲಿ ಹೊಳೆಯ ಮೇಲೆ ಹೋದದ್ದು, ಶಿವಾಜಿಯದೆಂದು ಹೇಳುವ ಗುಡ್ಡದ ಕೋಟೆಯೊಂದರ ಬುಡದಲ್ಲಿ ಇಳಿದದ್ದು, ರೈತನೊಬ್ಬನ ಗುಡಿಸಿ ಸಾರಿಸಿದ ಅಂಗಳದಲ್ಲಿ ಕುಳಿತು ತಂದ ಬುತ್ತಿ ಉಂಡದ್ದು, ಮರಳುವಾಗ ದೋಣಿಯನ್ನು ಹರಿವಿಗೇ ಬಿಟ್ಟದ್ದು, ಹೊಳೆಬಾಯಿಯಲ್ಲಿ ಇಳಿದು ಮರಳಿನ ಮೇಲೆ ನಡೆದು ಮನೆಗೆ ಹೋದದ್ದು. ಆ ಕೋಟೆಗುಡ್ಡ ಸದಾಶಿವಗಡವೇ ಎಂದು ನಂಬುವ ಕಾರವಾರದವರಲ್ಲಿ ನಾನೂ ಒಬ್ಬ. ಶಿವಾಜಿ 1665ರಲ್ಲಿ ಈ ಹೊಳೆಬಾಯಿಗೆ ಬಂದದ್ದು ನಿಜ, ಬಸವಲಿಂಗನ ಕೋಟೆ ಎದ್ದದ್ದು ಅದರ ನಂತರ. ಜನರ ನೆನಪಿನಲ್ಲಿ ಎರಡೂ ಬೆರೆತಿವೆ. ಠಾಕೂರರು ‘ಪ್ರಕೃತಿರ್ ಪ್ರತಿಶೋಧ’ ನಾಟಕ ಬರೆದದ್ದು ಇಲ್ಲಿಯೇ. ಜಗತ್ತನ್ನು ಬಿಟ್ಟು ಹೋಗಬೇಕೆಂದಿದ್ದ ಸಂನ್ಯಾಸಿಯನ್ನು ಒಂದು ಅನಾಥ ಹುಡುಗಿಯ ಪ್ರೀತಿ ಮತ್ತೆ ಜಗತ್ತಿಗೆ ಎಳೆದು ತರುವ ಕಥೆ ಅದು. ತಮ್ಮ ಮುಂದಿನ ಬರವಣಿಗೆಗೆಲ್ಲ ಅದೇ ಮುನ್ನುಡಿಯೆಂದು ಅವರೇ ಆಮೇಲೆ ಹೇಳಿಕೊಂಡರು. ಅವರು ಅಂದು ಮಾಡಿದ್ದು ದೋಣಿಯಲ್ಲಿ ಹೋಗಿ, ಇಳಿದು, ನಡೆದು, ಉಂಡು, ನಡೆದು ಮರಳಿದ್ದು. ಇಂದಿನ ಪ್ರವಾಸಿಗೆ ಅಷ್ಟನ್ನು ಮಾಡಲು ನಾವು ಅನುಕೂಲ ಮಾಡಿಕೊಟ್ಟಿಲ್ಲ.

ಮಗಳ ಮನೆಗೆಂದು ಇಂಗ್ಲೆಂಡಿಗೆ ಹೋದಾಗ ಅವಳು ನನ್ನನ್ನು ವೇಲ್ಸ್ ಗಡಿಯ ಚರ್ಕ್ ಕೋಟೆಗೆ ಕರೆದೊಯ್ದಳು. 1295ರ ಸುಮಾರಿಗೆ ಕಟ್ಟತೊಡಗಿದ ಗಡಿಕೋಟೆ ಅದು, ನಮ್ಮದರ ಹಾಗೆ ಎರಡು ನಾಡುಗಳ ನಡುವೆ ಕಾವಲು ನಿಂತದ್ದು. ಕೋಟೆಯೊಳಗಿನ ಪೀಠೋಪಕರಣ, ತೈಲಚಿತ್ರಗಳನ್ನು ನೋಡಿ ಮುಗಿಸಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ದಿನ ಕಳೆದದ್ದು ಹೊರಗೆ. ಕತ್ತರಿಸಿ ಆಕಾರ ಕೊಟ್ಟ ಗಿಡಗಳ ತೋಟ, ಅದರಾಚೆ ಇಳಿಜಾರು, ಇಳಿಜಾರಿನಾಚೆ ಕಾಡು, ಕಾಡಿನೊಳಗೆ ನಡೆಯುವ ಹಾದಿ. ತಿರುವಿನಲ್ಲಿ ಒಂದು ಕಂಬ, ಅದರ ಮೇಲೊಂದು ಬಾಣದ ಗುರುತು. ನನ್ನಂಥ ಹೊರಗಿನವನೂ ಯಾರನ್ನೂ ಕೇಳದೆ ನಡೆದು ಬರಬಹುದಿತ್ತು. ತಳ್ಳುಗಾಡಿಯಲ್ಲಿ ಕೂಸನ್ನು ಹಾಕಿಕೊಂಡ ತಾಯಂದಿರು, ಕೋಲೂರಿದ ಮುದುಕರು, ಕೆಸರಿನ ಬೂಟು ಹಾಕಿದ ಮಕ್ಕಳು, ಎಲ್ಲರೂ ಆ ಹಾದಿಯಲ್ಲಿದ್ದರು. ಅದನ್ನು ನೋಡಿಕೊಳ್ಳುವುದು ಸರ್ಕಾರವಲ್ಲ, ನ್ಯಾಷನಲ್ ಟ್ರಸ್ಟ್. 1895ರಲ್ಲಿ ಮೂವರು ಸೇರಿ ಹುಟ್ಟುಹಾಕಿದ ಸಂಸ್ಥೆ. ಅವರಲ್ಲಿ ಒಬ್ಬಳು ಲಂಡನ್ನಿನ ಬಡವರ ಮನೆಗಳಿಗಾಗಿ ದುಡಿದ ಆಕ್ಟೇವಿಯಾ ಹಿಲ್. ಇಕ್ಕಟ್ಟಿನ ಮನೆಗಳಲ್ಲಿ ಬದುಕುವವರಿಗೆ ಗಾಳಿಬೆಳಕಿನ ಬಯಲು ಬೇಕು ಎಂಬುದು ಅವಳ ಹಟವಾಗಿತ್ತು. ಇಂದು ಆ ಸಂಸ್ಥೆ ನಡೆಯುವುದು ಸದಸ್ಯರ ಚಂದಾ ಮತ್ತು ಸ್ವಯಂಸೇವಕರ ಬಲದಿಂದ. ಬಾಗಿಲಲ್ಲಿ ಚೀಟಿ ನೋಡುವವರು, ಕೋಣೆಯ ಕಥೆ ಹೇಳುವವರು ಹೆಚ್ಚಾಗಿ ನನ್ನ ವಯಸ್ಸಿನ ನಿವೃತ್ತರು. ಅದನ್ನು ನೋಡಿದಾಗಿನಿಂದ ಒಂದು ಮಾತು ತಲೆಯಲ್ಲಿ ಕುಳಿತಿದೆ: ಕಾರವಾರದಲ್ಲಿ ನಿವೃತ್ತ ಮಾಸ್ತರರಿಗೆ, ಬ್ಯಾಂಕಿನವರಿಗೆ, ಬಂದರಿನವರಿಗೆ ಬರವೇ?

ಹಾಗೆಂದು ಚರ್ಕ್‌ನ ತೋಟವನ್ನು ಇಲ್ಲಿ ನೆಡಬೇಕೆಂದು ನಾನು ಹೇಳುತ್ತಿಲ್ಲ. ನಮ್ಮಲ್ಲಿ ‘ಗಾರ್ಡನ್’ ಎಂದ ತಕ್ಷಣ ಲಾನ್, ಕ್ರೋಟನ್, ಸಿಮೆಂಟಿನ ಜಿರಾಫೆ, ಊರಿನ ಹೆಸರಿನ ದೊಡ್ಡ ಇಂಗ್ಲಿಷ್ ಅಕ್ಷರ. ಸದಾಶಿವಗಡಕ್ಕೆ ಅದು ಅವಮಾನ. ಇಲ್ಲಿಗೆ ಬೇಕಾದ ತೋಟ ನಮ್ಮ ಹೆಂಗಸರ ಮುಡಿಯಲ್ಲಿದೆ, ಅಂಕೋಲೆಯ ಪೇಟೆಯಲ್ಲಿ ಹಾಲಕ್ಕಿ ಬಾಯಂದಿರ ಬುಟ್ಟಿಯಲ್ಲಿದೆ. ಸುರಗಿ ನೆಡಬೇಕು. ಫೆಬ್ರವರಿ, ಮಾರ್ಚ್‌ನಲ್ಲಿ ಕೊಂಬೆಯ ತುಂಬ ಹೂ ಹಚ್ಚಿಕೊಂಡು ನಿಂತ ಸುರಗಿ ಮರದ ಕೆಳಗೆ ಒಮ್ಮೆ ಹಾದವನು ಆ ವಾಸನೆಯನ್ನು ಬದುಕಿಡೀ ಮರೆಯುವುದಿಲ್ಲ. ಒಣಗಿದ ಮೇಲೂ ಕಂಪು ಬಿಡದ ಹೂ ಅದು. ಬಕುಲ ನೆಡಬೇಕು, ಸಂಪಿಗೆ ನೆಡಬೇಕು. ಇಳಿಜಾರಿನಲ್ಲಿ ಹೊನ್ನೆ, ಮತ್ತಿ, ನಂದಿ. ನೆರಳಿರುವಲ್ಲಿ ಮುರುಗಲು. ಬಿಸಿಲಿನ ಬಂಡೆಯ ಸಂದಿನಲ್ಲಿ ಕವಳಿ. ಮೇ ತಿಂಗಳಲ್ಲಿ ಮಕ್ಕಳು ಬಾಯೆಲ್ಲ ಕಪ್ಪು ಮಾಡಿಕೊಂಡು ಬರುತ್ತಿದ್ದ ಹಣ್ಣು ಅದು, ಈಗಿನ ಮಕ್ಕಳಿಗೆ ಹೆಸರೂ ಗೊತ್ತಿಲ್ಲ. ಬುಡದ ಸಪಾಟು ಜಾಗದಲ್ಲಿ ಅಂಕೋಲೆಯ ಕರಿ ಇಶಾಡ ಮಾವಿನ ಸಸಿಗಳು. ಭೌಗೋಳಿಕ ಸೂಚಿಯ ಮಾನ್ಯತೆ ಬಂದಿದ್ದರೂ ಈ ಹಣ್ಣು ಜಿಲ್ಲೆಯಾಚೆ ಹೆಸರಾಗಬೇಕಾದಷ್ಟು ಆಗಿಲ್ಲ. ಗೇರು ಮರ ಇರಲಿ, ಕಡಿಯುವುದು ಬೇಡ. ಗೇರನ್ನು ಈ ಕರಾವಳಿಗೆ ತಂದವರು ಪೋರ್ಚುಗೀಸರು. ಕೋಟೆಯ ಚರಿತ್ರೆ ಹೇಳುವಾಗ ಅದನ್ನೂ ತೋರಿಸಿ ಹೇಳಬಹುದು. ಅಕೇಶಿಯಾ ಮಾತ್ರ ಹತ್ತಿರ ಬರಬಾರದು. ಜಿಲ್ಲೆಯ ಎಷ್ಟೋ ಗುಡ್ಡಗಳಲ್ಲಿ ಅದನ್ನು ನೆಟ್ಟು ಕಾಡು ಬೆಳೆಸಿದೆವೆಂದು ಹೇಳಿಕೊಂಡೆವು. ಅದರ ನೆರಳಿನಲ್ಲಿ ಹುಲ್ಲೂ ಸರಿಯಾಗಿ ಏಳಲಿಲ್ಲ.

ಹಾದಿಯನ್ನು ಎಲ್ಲಿಂದ ಶುರು ಮಾಡಬೇಕೆಂಬುದಕ್ಕೂ ನನಗೊಂದು ಯೋಚನೆಯಿದೆ. ಅರಣ್ಯ ಇಲಾಖೆ ಕಾಳಿಯ ದಂಡೆಯಲ್ಲಿ ಕಾಂಡ್ಲಾ ಗಿಡಗಳ ನಡುವೆ ಎತ್ತರಿಸಿದ ನಡಿಗೆ ಹಾದಿ ಮಾಡಿದೆ. ಹೊನ್ನಾವರದಲ್ಲಿ ಶರಾವತಿಯ ದಂಡೆಗೂ ಅಂಥದೇ ಇದೆ. ಇವು ನಮ್ಮ ಜಿಲ್ಲೆಯಲ್ಲಿ ಈಚೆಗೆ ಆದ ಒಳ್ಳೆಯ ಕೆಲಸಗಳು, ಮೆಚ್ಚಲೇಬೇಕು. ಉಬ್ಬರದಲ್ಲಿ ಬೇರು ಮುಳುಗಿ ಇಳಿತದಲ್ಲಿ ಬೇರು ತೋರಿಸುವ ಕಾಂಡ್ಲಾ, ಅದರ ಕೆಸರಿನಲ್ಲಿ ಏಡಿ, ಬೆಳಚು, ಮೀನಿನ ಮರಿ. ಅಲ್ಲಿಂದ ದೋಣಿಯಲ್ಲಿ ಹೊಳೆ ದಾಟಿಸಿ ಗುಡ್ಡದ ಬುಡಕ್ಕೆ ಬಿಟ್ಟರೆ ಕಾಂಡ್ಲಾ, ಹೊಳೆ, ಕಾಡು, ಕೋಟೆ ಎಲ್ಲ ಒಂದೇ ನಡಿಗೆಯಾಗುತ್ತದೆ. ಬುಡದಲ್ಲಿ ದುರ್ಗಾದೇವಿಯ ಗುಡಿಯಿದೆ, ಪೀರ್ ಸಾಹೇಬರ ದರ್ಗಾ ಇದೆ. ಎರಡಕ್ಕೂ ಎಲ್ಲ ಊರಿನವರೂ ಹೋಗುತ್ತಾರೆ. ಕೋಡಿಬಾಗದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಕಡಲ ಜೀವಶಾಸ್ತ್ರ ಅಧ್ಯಯನ ಕೇಂದ್ರವಿದೆ. ಅಲ್ಲಿ ಕಲಿಯುವ ಹುಡುಗ ಹುಡುಗಿಯರು ರವಿವಾರ ನಡಿಗೆಯವರ ಜೊತೆ ಬಂದು ಹೊಳೆಯ ಕಥೆ ಹೇಳಿದರೆ ಅದಕ್ಕಿಂತ ಒಳ್ಳೆಯ ಗೈಡ್ ಎಲ್ಲಿ ಸಿಗುತ್ತಾರೆ?

ಕೋಟೆ ಪಾಳು ಬಿದ್ದಿದೆ, ನೋಡಲು ಏನೂ ಉಳಿದಿಲ್ಲ ಎನ್ನುವವರು ಮಿರ್ಜಾನಿಗೆ ಹೋಗಿ ಬರಲಿ. ಅಘನಾಶಿನಿಯ ದಂಡೆಯ ಆ ಕೋಟೆಯೂ ಒಂದು ಕಾಲಕ್ಕೆ ಪೊದೆ ಹತ್ತಿದ ಕಲ್ಲುರಾಶಿಯೇ. ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆ 2000ದ ಸುಮಾರಿಗೆ ಅಲ್ಲಿ ಅಗೆದು ನೋಡಿದಾಗ 1652ರಲ್ಲಿ ಟಂಕಿಸಿದ ಪೋರ್ಚುಗೀಸರ ಚಿನ್ನದ ನಾಣ್ಯ, ಚೀನಾದ ಪಿಂಗಾಣಿ ಚೂರುಗಳು, ಫಿರಂಗಿ ಗುಂಡುಗಳು ಸಿಕ್ಕವು. ಗೋಡೆಗಳನ್ನು ನಿಲ್ಲಿಸಿದರು, ಪೊದೆ ತೆಗೆದರು. ಈಗ ಮಳೆಗಾಲದಲ್ಲಿ ಹಸಿರು ಹೊದ್ದ ಆ ಬುರುಜುಗಳನ್ನು ನೋಡಲು ಬೆಂಗಳೂರಿನಿಂದ ಜನ ಬರುತ್ತಾರೆ. ಸದಾಶಿವಗಡದಲ್ಲಿ ಯಾರೂ ಕ್ರಮವಾಗಿ ಅಗೆದು ನೋಡಿದ್ದನ್ನು ನಾನು ಕಂಡಿಲ್ಲ. ಉಳಿದ ಗೋಡೆಯ ತುಂಡುಗಳನ್ನು, ಕಂದಕದ ಗುರುತನ್ನು ಅಳೆದು ನಕ್ಷೆ ಮಾಡುವ ಕೆಲಸ ಮೊದಲು ಆಗಲಿ. ಗೋಡೆಯ ಸಂದಿನಲ್ಲಿ ಬೇರೂರಿದ ಆಲ, ಅಶ್ವತ್ಥದ ಗಿಡಗಳನ್ನು ಕಿತ್ತು ಎಳೆಯಬಾರದು. ಎಳೆದರೆ ಚಿರೆಕಲ್ಲೂ ಜೊತೆಗೇ ಬರುತ್ತದೆ. ಅದನ್ನು ಬಲ್ಲವರಿಂದಲೇ ಮಾಡಿಸಬೇಕು. ಗಾರೆಯೂ ಸುಣ್ಣದ್ದೇ ಆಗಬೇಕು, ಸಿಮೆಂಟಿನದಲ್ಲ. ಚಿರೆಕಲ್ಲು ಉಸಿರಾಡುವ ಕಲ್ಲು, ಸಿಮೆಂಟು ಮೆತ್ತಿದರೆ ಒಳಗೆ ನೀರು ನಿಂತು ಕಲ್ಲೇ ಉದುರುತ್ತದೆ.

ಇದು ಕಾರವಾರಿಗರಿಗೆ ಯಾಕೆ ಅಷ್ಟು ಮುಖ್ಯ ಎಂದು ಹೊರಗಿನವರು ಕೇಳಬಹುದು. ಈ ತಾಲೂಕಿನಲ್ಲಿ ಜನ ಕಾಲಿಡಬಹುದಾದ ಜಾಗ ಕಡಿಮೆಯಾಗುತ್ತಲೇ ಬಂದಿದೆ. ಬಿಣಗಾದಾಚೆಯ ಅಂಜದೀವ ದ್ವೀಪದಲ್ಲಿ ಪೋರ್ಚುಗೀಸರು 1505ರಲ್ಲಿಯೇ ಕೋಟೆ ಕಟ್ಟಲು ತೊಡಗಿದ್ದರು. ಇಂದು ಅದು ನೌಕಾನೆಲೆಯ ಆವರಣದೊಳಗಿದೆ. ಆ ನೌಕಾನೆಲೆಯ ಸೀಬರ್ಡ್ ಯೋಜನೆಗಾಗಿ ನಮ್ಮವರು ಮನೆ, ಗದ್ದೆ, ಗುಡಿ, ಮೀನು ಹಿಡಿಯುವ ದಂಡೆ ಎಲ್ಲವನ್ನೂ ಬಿಟ್ಟುಕೊಟ್ಟರು. ದೇಶದ ರಕ್ಷಣೆಗೆ ಕೊಟ್ಟದ್ದನ್ನು ಕೊಂಕಿನಿಂದ ನೆನೆಯುವವನು ನಾನಲ್ಲ. ಆದರೆ ಅಷ್ಟು ಕೊಟ್ಟ ಜನರಿಗೆ ಉಳಿದ ಒಂದು ಕೋಟೆಗುಡ್ಡವನ್ನಾದರೂ ಕಾಸಿಲ್ಲದೆ ಹತ್ತಿ ಇಳಿಯುವ ಹಕ್ಕು ಇರಬೇಕು. ಮೇಲೆ ರೆಸಾರ್ಟ್ ಎದ್ದರೆ ಅದು ಕೋಣೆ ಹಿಡಿದವರ ಸ್ವತ್ತಾಗುತ್ತದೆ.

ಈಗ ಎಲ್ಲಕ್ಕಿಂತ ಗಂಭೀರ ವಿಷಯ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಹೆದ್ದಾರಿಯ ಮೇಲೆ ಬಿತ್ತು. ರಸ್ತೆ ಬದಿಯಲ್ಲಿ ಚಹಾ ಅಂಗಡಿ ಇಟ್ಟು ಬದುಕುತ್ತಿದ್ದ ಕುಟುಂಬ, ಚಹಾ ಕುಡಿಯಲು ಲಾರಿ ನಿಲ್ಲಿಸಿದವರು ಮಣ್ಣಿನ ಜೊತೆ ಗಂಗಾವಳಿಯ ಪಾಲಾದರು. ಹೊಳೆಯಾಚೆಯ ಉಳುವರೆಯ ಮನೆಗಳಿಗೂ ಆ ನೀರಿನ ಹೊಡೆತ ಬಡಿಯಿತು. ಮೂರು ವಾರ ಕಳೆಯುತ್ತಿದ್ದಂತೆ, ಆಗಸ್ಟ್ 7ರ ನಡುರಾತ್ರಿ, ಕಾಳಿಯ ಹಳೆಯ ಸೇತುವೆ ಕುಸಿದು ಹೊಳೆಗೆ ಬಿತ್ತು. ಕೆಳಗೆ ಬಿದ್ದ ಲಾರಿಯ ಚಾಲಕನನ್ನು ಮೀನುಗಾರರು, ಪೊಲೀಸರು ಸೇರಿ ಬದುಕಿಸಿದರು. ಆ ಸೇತುವೆಯ ಒಂದು ತುದಿ ಸದಾಶಿವಗಡದ ಬುಡ. ಇಲ್ಲಿಯೂ ಗುಡ್ಡವನ್ನು ಹೆದ್ದಾರಿಗಾಗಿ ನೇರವಾಗಿ ಕಡಿಯಲಾಗಿದೆ. ಕಡಿದ ಮಗ್ಗುಲು ಎಷ್ಟು ಗಟ್ಟಿ, ಮಳೆನೀರು ಎಲ್ಲಿಂದ ಇಳಿಯುತ್ತದೆ, ಮೇಲಿನ ಗೋಡೆಯ ಭಾರ ಎಲ್ಲಿ ಬೀಳುತ್ತದೆ ಎಂದು ಭೂವಿಜ್ಞಾನಿಗಳು ಪರೀಕ್ಷಿಸಿ ಆ ವರದಿಯನ್ನು ಊರಿನವರ ಮುಂದೆ ಇಡಬೇಕು. ಇದು ಆಗದೆ ಗುಡ್ಡದ ಮೇಲೆ ಒಂದು ಬುಟ್ಟಿ ಸಿಮೆಂಟು ಸುರಿದರೂ ಅಪರಾಧ. ನಾನು ಕಾಲುಹಾದಿ, ಮರ ಎನ್ನುವುದಕ್ಕೆ ಇದೂ ಒಂದು ಕಾರಣ. ಬೇರು ಬಿಟ್ಟ ಮರ ಮಣ್ಣನ್ನು ಹಿಡಿಯುತ್ತದೆ. ಕಟ್ಟಡ ಅದರ ಮೇಲೆ ಭಾರ ಹಾಕುತ್ತದೆ, ನೀರಿನ ದಾರಿಯನ್ನೂ ತಪ್ಪಿಸುತ್ತದೆ.

ಕಾಲುಹಾದಿಯಿಂದ ಉದ್ಯೋಗ ಹುಟ್ಟುತ್ತದೆಯೇ ಎಂದು ಕೇಳುವ ತರುಣರ ಪ್ರಶ್ನೆ ನ್ಯಾಯವಾದದ್ದು. ಕಾರವಾರ ರೈಲು ನಿಲ್ದಾಣ ಇರುವುದು ನಮ್ಮ ಶಿರವಾಡದಲ್ಲಿ. ಕೊಂಕಣ ರೈಲು ಪೂರ್ತಿಯಾಗಿ ಓಡತೊಡಗಿದ್ದು 1998ರಲ್ಲಿ. ಅಂದಿನಿಂದ ಎರಡೂ ಕಡೆಯ ಪ್ರವಾಸಿಗಳು ಇಲ್ಲಿ ಇಳಿಯುತ್ತಾರೆ, ರಿಕ್ಷಾ ಹಿಡಿಯುತ್ತಾರೆ, ಕಡಲತೀರ ನೋಡುತ್ತಾರೆ, ಸಂಜೆಗೇ ಗೋವೆಗೋ ಗೋಕರ್ಣಕ್ಕೋ ಹೊರಟುಬಿಡುತ್ತಾರೆ. ಅವರನ್ನು ಇನ್ನೊಂದು ಬೆಳಗು ನಿಲ್ಲಿಸಿಕೊಳ್ಳಲು ಅರ್ಧ ದಿನದ ನಡಿಗೆ ಸಾಕು. ನಿಂತವರು ಊಟ ಮಾಡುತ್ತಾರೆ, ತಂಗುತ್ತಾರೆ. ದೋಣಿಯವನಿಗೆ ಬಾಡಿಗೆ, ಚಿತ್ತಾಕುಲದ ಹುಡುಗ ಹುಡುಗಿಯರಿಗೆ ಗೈಡ್ ಕೆಲಸ, ಮೀನೂಟದ ಖಾನಾವಳಿಗೆ ಗಿರಾಕಿ, ಸ್ವಸಹಾಯ ಸಂಘದ ಹೆಂಗಸರ ಮುರುಗಲು ಪಾನಕಕ್ಕೆ, ಹಪ್ಪಳಕ್ಕೆ ಮಾರುಕಟ್ಟೆ. ರೆಸಾರ್ಟಿನ ಲಾಭ ಹೋಗುವುದು ಅದನ್ನು ಕಟ್ಟಿದವನಿಗೆ, ನಡಿಗೆಯ ಲಾಭ ಹಂಚಿಹೋಗುವುದು ಊರಿಗೆ. ಸ್ಮಾರಕಗಳನ್ನು ದತ್ತು ಪಡೆಯುವ ಯೋಜನೆಯನ್ನು ರಾಜ್ಯ ಸರ್ಕಾರವೇ ತಂದಿದೆ. ಹಣವಿರುವ ಸಂಸ್ಥೆಗಳು ನಮ್ಮ ತಾಲೂಕಿನಲ್ಲಿ ಇಲ್ಲವೇ?

ಕುಡಿದು ಬಾಟಲಿ ಒಡೆಯುವವರು, ಗೋಡೆಯ ಮೇಲೆ ಹೆಸರು ಕೆತ್ತುವವರು ಬರುತ್ತಾರೆ ಎಂಬ ಹೆದರಿಕೆ ಹಲವರಿಗಿದೆ. ಅವರು ಬರುವುದು ಜಾಗ ಅನಾಥವಾಗಿರುವಾಗ. ಬೆಳಿಗ್ಗೆ ಸಂಜೆ ಊರಿನ ಜನ ನಡೆದಾಡುವ ಹಾದಿಯಲ್ಲಿ ಬಾಟಲಿ ತೆಗೆಯಲು ಯಾರಿಗೂ ಧೈರ್ಯ ಬರುವುದಿಲ್ಲ. ಗೊತ್ತುಪಡಿಸಿದ ಹೊತ್ತಿಗೆ ತೆರೆದು ಮುಚ್ಚುವ ಬಾಗಿಲು, ಒಬ್ಬ ಕಾವಲಿನವನು, ಮಳೆ ಜೋರಾದ ದಿನ ಹಾದಿ ಬಂದ್ ಮಾಡುವ ನಿಯಮ ಇಷ್ಟಿದ್ದರೆ ಆಯಿತು.

ಚಿತ್ತಾಕುಲ ಗ್ರಾಮ ಪಂಚಾಯತಿಯವರಲ್ಲಿ ನನ್ನ ವಿನಂತಿ: ಮುಂದಿನ ಗ್ರಾಮಸಭೆಯಲ್ಲಿ ಸದಾಶಿವಗಡದ ವಿಷಯವನ್ನು ಇಡಿ. ಗುಡ್ಡದ ಮೇಲೆ ಹೊಸ ಕಟ್ಟಡ ಬೇಡವೆಂದೂ, ಕಡಿದ ಮಗ್ಗುಲಿನ ಪರೀಕ್ಷೆ ಈ ಮಳೆಗಾಲದ ಮೊದಲೇ ಆಗಬೇಕೆಂದೂ, ಕೋಟೆಯ ನಕ್ಷೆ ಮತ್ತು ಕಾಲುಹಾದಿ ಬೇಕೆಂದೂ ಠರಾವು ಮಾಡಿ ಜಿಲ್ಲಾಧಿಕಾರಿಗಳಿಗೂ ಪುರಾತತ್ವ ಇಲಾಖೆಗೂ ಅರಣ್ಯ ಇಲಾಖೆಗೂ ಕಳುಹಿಸಿ. ಹೊಳೆಯ ಈಚೆಯ ನಾವು ಶಿರವಾಡ, ಕಡವಾಡ, ಸುಂಕೇರಿಯವರೂ ಸಹಿ ಹಾಕುತ್ತೇವೆ. ಸಸಿ ನೆಡುವ ದಿನ ಗೊತ್ತುಮಾಡಿ ಹೇಳಿ ಕಳಿಸಿ, ಗುದ್ದಲಿ ಹಿಡಿದು ಬರುತ್ತೇವೆ.